ಐದನೆಯ ತಂತಿಯ ಪರೀಕ್ಷೆ

ನಮ್ಮ ಕಾಲೇಜಿನ ವಾದ್ಯವೃಂದಕ್ಕೆ ಐದು ತಂತಿಯ ಎಲೆಕ್ಟ್ರಿಕ್ ಬೇಸ್ ಗಿಟಾರೊಂದನ್ನು ಕೊಳ್ಳಬೇಕೆಂಬ ಸೂಚನೆ ಈ ವರ್ಷ ಸಾಂಸ್ಕೃತಿಕ ಸಮಿತಿಯ ಮುಂದೆ ಬಂದಾಗ ಎದ್ದ ಚರ್ಚೆ ವಾಚಕರಲ್ಲಿ ಹಲವರಿಗೆ ನೆನಪಿದ್ದೀತು. ಇಂಥ ದುಬಾರಿ ಪದಾರ್ಥ ನಮಗೇಕೆ ಎಂದರು ಕೆಲವರು. ಕೀಬೋರ್ಡಿನ ಎಡಗೈ ಇರುವಾಗ ಬೇಸ್ ಗಿಟಾರೇ ಅನಾವಶ್ಯಕವೆಂದರು ಇನ್ನು ಕೆಲವರು. ಬೇಕೇ ಬೇಕಾದರೆ ನಾಲ್ಕು ತಂತಿಯದೇ ಸಾಕೆಂದವರೂ ಉಂಟು. ಕನ್ನಡ ಅಧ್ಯಾಪಕರೊಬ್ಬರಂತೂ, "ಬೇಂದ್ರೆಯವರಿಗೆ ನಾಲ್ಕು ತಂತಿಯಲ್ಲೇ ಜ್ಞಾನಪೀಠ ಬಂತು, ನಿಮಗೆ ಐದು ಯಾಕಯ್ಯಾ?" ಎಂದು ಎಲ್ಲರನ್ನೂ ನಗಿಸಿಬಿಟ್ಟರು. ನಗುವಿನೊಡನೆ ಸಭೆಯೂ ಮುಗಿಯಿತು. ನಿರ್ಧಾರ ಮಾತ್ರ ಆಗಲಿಲ್ಲ. ಅಂದು ಹೇಳಲು ಅವಕಾಶವಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು: ಐದು ತಂತಿಯದನ್ನೇ ಕೊಳ್ಳಬೇಕು, ಆದರೆ ಐದನೆಯ ತಂತಿಯನ್ನು ಪರೀಕ್ಷಿಸಿಯೇ ಕೊಳ್ಳಬೇಕು. ಆ ಒಂದು ತಂತಿ ನೆಟ್ಟಗಿಲ್ಲದಿದ್ದರೆ ಅದೇ ಹಣಕ್ಕೆ ಒಳ್ಳೆಯ ನಾಲ್ಕು ತಂತಿಯ ವಾದ್ಯವನ್ನು ತರುವುದು ಲೇಸು. ಬಣ್ಣ, ಹೊಳಪು, ಕಂಪೆನಿಯ ಹೆಸರು ಇವೆಲ್ಲ ಆಮೇಲಿನ ಮಾತು.

ನಂಗಲಿಯ ಹುಡುಗನಿಗೆ ಬೇಸ್ ಗಿಟಾರಿನ ಗೊಡವೆ ಏಕೆಂದು ಕೇಳುವವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ವಿಷ್ಣುವರ್ಧನನ ರಾಜ್ಯಕ್ಕೆ ಮೂಡಣ ಎಲ್ಲೆ ನಂಗಲಿ ಎಂದು ಹೊಯ್ಸಳ ಶಾಸನಗಳು ಹೇಳುತ್ತವೆ. ಇಂದಿಗೂ ನಮ್ಮೂರು ಎಲ್ಲೆಯ ಊರೇ. ಸ್ವಲ್ಪ ಮುಂದೆ ಹೋದರೆ ಆಂಧ್ರ. ಆದ್ದರಿಂದ ನಮ್ಮ ಕಡೆಯ ವಾದ್ಯಗೋಷ್ಠಿಗಳು ಒಂದೇ ರಾತ್ರಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಹಾಡಬೇಕಾಗುತ್ತದೆ. ಅಂಥ ಒಂದು ಗೋಷ್ಠಿಯಲ್ಲಿ ಮೂರು ವರ್ಷದಿಂದ, ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ, ಎರವಲು ತಂದ ನಾಲ್ಕು ತಂತಿಯ ಬೇಸ್ ಗಿಟಾರನ್ನು ನಾನು ನುಡಿಸುತ್ತಿದ್ದೇನೆ. ಪರೀಕ್ಷೆಯ ಶುಲ್ಕವೂ ಬಸ್ಸಿನ ಪಾಸೂ ಬಹುಮಟ್ಟಿಗೆ ಅದರಿಂದಲೇ ಹುಟ್ಟಿದವು. ನಮ್ಮ ತಂದೆ ಓಲಗದಲ್ಲಿ ಡೋಲು ಬಾರಿಸುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಕ್ಷರಕ್ಕಿಂತ ಮೊದಲು ನನ್ನ ಕಿವಿಗೆ ಬಿದ್ದದ್ದು ಮಂದ್ರದ ನಾದ ಎಂದರೆ ಅತಿಶಯೋಕ್ತಿಯಲ್ಲ.

ಇನ್ನು ವಾದ್ಯದ ವಿಚಾರ. ಮೊದಲು ಈ ಮಂದ್ರದ ಕೆಲಸವನ್ನು ಮಾಡುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದನ್ನು ಹೊತ್ತು ತಿರುಗುವುದೂ ಕಷ್ಟ; ಮೆಟ್ಟಿಲುಗಳಿಲ್ಲದ್ದರಿಂದ ಸ್ವರಸ್ಥಾನ ಹಿಡಿಯುವುದೂ ಕಷ್ಟ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ ಅದನ್ನು ಗಿಟಾರಿನ ಆಕಾರಕ್ಕೆ ಇಳಿಸಿ, ವೀಣೆಯಂತೆ ಮೆಟ್ಟಿಲು ಕೂರಿಸಿ, ವಿದ್ಯುತ್ತಿನ ಪಿಕಪ್ ಜೋಡಿಸಿ, 'ಪ್ರಿಸಿಷನ್ ಬೇಸ್' ಎಂದು ಹೆಸರಿಟ್ಟು ಮಾರಿದನು. ಸ್ವಾರಸ್ಯವೆಂದರೆ ಆತನಿಗೆ ಸ್ವತಃ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅದರ ನಾಲ್ಕು ತಂತಿಗಳು ಇ, ಎ, ಡಿ, ಜಿ. ಅತ್ಯಂತ ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. 1965ರಲ್ಲಿ ಅದೇ ಫೆಂಡರ್ ಕಂಪೆನಿ ಐದು ತಂತಿಯದೊಂದನ್ನು ಹೊರತಂದಿತು. ಆದರೆ ಆ ಐದನೆಯದು ಮೇಲಿನ ತಂತಿ. ಮೇಲೆ ಹಾಡುವವರು ಬೇಕಾದಷ್ಟು ಜನರಿರುವಾಗ ಬೇಸಿಗೆ ಅದು ಯಾರಿಗೆ ಬೇಕಾಗಿತ್ತು? ಅದು ಹೆಚ್ಚು ಕಾಲ ಉಳಿಯಲಿಲ್ಲ. 1976ರಲ್ಲಿ ಜಿಮ್ಮಿ ಜಾನ್ಸನ್ ಎಂಬ ವಾದಕನು ಅಲೆಂಬಿಕ್ ಕಂಪೆನಿಯಿಂದ ಕೆಳಗಿನ ಬಿ ತಂತಿಯುಳ್ಳ ವಾದ್ಯವನ್ನು ಮಾಡಿಸಿಕೊಂಡನು. ಇಂದು ಐದು ತಂತಿಯ ಬೇಸ್ ಎಂದರೆ ಸಾಮಾನ್ಯವಾಗಿ ಈ ಬಗೆಯದೇ. ಆ ಬಿ ತಂತಿಯ ಕಂಪನ ಸೆಕೆಂಡಿಗೆ ಸುಮಾರು 31.

ನಾಲ್ಕು ಸಾಲದೇ ಎಂಬ ಪ್ರಶ್ನೆಗೆ ವೇದಿಕೆಯೇ ಉತ್ತರ ಹೇಳುತ್ತದೆ. ಧ್ವನಿಸುರುಳಿಯಲ್ಲಿ ಹಾಡು ಒಂದು ಶ್ರುತಿಯಲ್ಲಿರುತ್ತದೆ. ನಮ್ಮ ಗಾಯಕರ ಕಂಠ ಇನ್ನೊಂದರಲ್ಲಿ. ಮೂರು ಗಂಟೆ ಹಾಡಿದ ಗಾಯಕಿ, "ಗಂಟಲು ಕಟ್ಟಿದೆ ಅಣ್ಣಾ, ಎರಡು ಮನೆ ಇಳಿಸಿ" ಎನ್ನುತ್ತಾಳೆ. ಕೀಬೋರ್ಡಿನವರು ಒಂದು ಗುಂಡಿ ಒತ್ತುತ್ತಾರೆ, ಅವರ ಕೆಲಸ ಮುಗಿಯಿತು. ಇ ಶ್ರುತಿಯ ಹಾಡು ಡಿ ಶ್ರುತಿಗೆ ಇಳಿದರೆ ಬೇಸಿನವನ ಗತಿಯೇನು? ಅವನ ಆಧಾರ ಷಡ್ಜವೇ ವಾದ್ಯದಿಂದ ಹೊರಗೆ ಹೋಯಿತು! ನೀರು ಕೆಳಕ್ಕಿಳಿದ ಕೊಳವೆಬಾವಿಯಲ್ಲಿ ಪೈಪು ಸಾಲದೆ ಬರಿ ಗಾಳಿ ಎಳೆಯುವ ಪಂಪಿನ ಸ್ಥಿತಿ ಅವನದು. ಕೋಲಾರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಸ್ಥಾಯಿಯ ಡಿ ಹಿಡಿದು ಹೇಗೋ ನಿಭಾಯಿಸುತ್ತಾನೆ. ಆದರೆ ಹಾಡಿನ ಅಡಿಪಾಯ ಅಟ್ಟಕ್ಕೆ ಹತ್ತಿರುತ್ತದೆ. ಬಿ ತಂತಿಯಿದ್ದರೆ ಅದರ ಮೂರನೆಯ ಮೆಟ್ಟಿಲಿನಲ್ಲಿ ಡಿ, ಒಂದನೆಯದರಲ್ಲಿ ಸಿ. ಕೈಯ ವರಸೆ ಬದಲಾಗುವುದಿಲ್ಲ, ಕೈ ಜರುಗುತ್ತದೆ ಅಷ್ಟೆ.

ಕೀಬೋರ್ಡಿನ ಎಡಗೈಯ ವಾದಕ್ಕೂ ಒಂದು ಮಾತು. ಅದು ಸ್ವರವನ್ನು ಕೊಡಬಲ್ಲದು, ನಿಜ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬೆರಳಿನ ಅಡಿಯಲ್ಲಿ ತಂತಿಯನ್ನು ಅರೆಗಳಿಗೆ ಮೌನಗೊಳಿಸಿ ಮತ್ತೆ ಬಿಡುವುದು, ಇವು ಅದಕ್ಕೆ ದೂರ. ಜಿ. ಕೆ. ವೆಂಕಟೇಶರಲ್ಲಿ ಸಹಾಯಕರಾಗಿ ಕನ್ನಡ ಚಿತ್ರಗಳಿಗೆ ದುಡಿದ ಇಳಯರಾಜರು ಮುಂದೆ ಸಂಗೀತ ನೀಡಿದ 1983ರ 'ಪಲ್ಲವಿ ಅನುಪಲ್ಲವಿ'ಯ ಹಾಡುಗಳನ್ನು ಗಮನವಿಟ್ಟು ಕೇಳಿರಿ. ಬೇಸ್ ಗಿಟಾರು ಗಾಯಕರ ಹಿಂದೆ ನೆರಳಿನಂತೆ ನಡೆಯುವುದಿಲ್ಲ. ಅದೂ ತನ್ನದೊಂದು ಹಾಡನ್ನು ಹೇಳುತ್ತಿರುತ್ತದೆ. ಇತ್ತೀಚೆಗೆ ನಮ್ಮ ಕಡೆಯ ಗೋಷ್ಠಿಗಳಲ್ಲಿ ಖರ್ಚು ಉಳಿಸಲು ಮೊದಲು ಕೈಬಿಡುವುದು ಬೇಸಿನವನನ್ನೇ. ಅವನಿಲ್ಲದ ಗೋಷ್ಠಿ ಒಗ್ಗರಣೆಯಿದ್ದೂ ಬೇಳೆಯಿಲ್ಲದ ಸಾರಿನಂತೆ ನನಗೆ ತೋರುತ್ತದೆ. ಸ್ವಾರ್ಥದ ಮಾತೆಂದು ಯಾರಾದರೂ ಹೇಳಿದರೆ, ಇರಲಿ, ನಾನು ವಾದಿಸುವುದಿಲ್ಲ.

ಬಿ ತಂತಿ ಚೆನ್ನಾಗಿ ನುಡಿಯುವುದು ಏಕೆ ಅಪರೂಪ? ತಂತಿಯ ಸ್ವರವನ್ನು ಇಳಿಸಬೇಕಾದರೆ ಮೂರು ದಾರಿ: ಉದ್ದ ಮಾಡಬೇಕು, ಸಡಿಲ ಮಾಡಬೇಕು, ಇಲ್ಲವೆ ದಪ್ಪ ಮಾಡಬೇಕು. ಗಿಟಾರಿನಲ್ಲಿ ತಂತಿ ಕಂಪಿಸುವ ಉದ್ದ ಹೆಚ್ಚಾಗಿ 34 ಅಂಗುಲ, ಅಂದರೆ 864 ಮಿಲಿಮೀಟರು. ಅದನ್ನು ಬಹಳ ಬೆಳೆಸಿದರೆ ಕೈ ನಿಲುಕದು. ಸಡಿಲ ಮಾಡಿದರೆ ತಂತಿ ಮೆಟ್ಟಿಲುಗಳಿಗೆ ಬಡಿದು ಗಿಲಗಿಲ ಎನ್ನುತ್ತದೆ. ಆದ್ದರಿಂದ ದಪ್ಪ ಮಾಡುತ್ತಾರೆ. ಜಿ ತಂತಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಿದ್ದರೆ ಬಿ ತಂತಿ ಮೂರನ್ನು ಮೀರುತ್ತದೆ. ಅಷ್ಟು ದಪ್ಪವಾದದ್ದು ಅರ್ಧ ತಂತಿ, ಅರ್ಧ ಸರಳು; ಅದರ ಮೇಲಿನ ಅನುಸ್ವರಗಳು ಮೂಲಸ್ವರದೊಡನೆ ಹೊಂದದೆ ಕೊಂಚ ಏರಿ ನಿಲ್ಲುತ್ತವೆ. ಕೆಲವರು ಉದ್ದವನ್ನು 35 ಅಂಗುಲಕ್ಕೆ ಹೆಚ್ಚಿಸುತ್ತಾರೆ; ಅದೇ ತಂತಿಯನ್ನು ಅದೇ ಸ್ವರಕ್ಕೆ ಕಟ್ಟಿದಾಗ ಬಿಗಿ ಸುಮಾರು ನೂರಕ್ಕೆ ಆರರಷ್ಟು ಏರುತ್ತದೆ. ಸಹಾಯವೇನೋ ಉಂಟು. ಆದರೆ ದಂಡಿ ಒಡಲಿಗೆ ಸೇರುವ ಸಂದು ಸಡಿಲವಾಗಿದ್ದರೆ, ಕುದುರೆ ಗಟ್ಟಿಯಾಗಿ ಕೂರದಿದ್ದರೆ, ಒಂದು ಅಂಗುಲ ಏನು ಮಾಡೀತು?

ಆದ್ದರಿಂದ ಅಂಗಡಿಗೆ ಹೋದವರು ಮೊದಲು ವೈರು ಚುಚ್ಚಬಾರದು. ಸುಮ್ಮನೆ ಕುಳಿತು, ಒಂದೊಂದೇ ತಂತಿಯನ್ನು ಮೀಟಿ, ನಾದ ಆರುವವರೆಗೆ ಕೇಳಬೇಕು. ಕಳೆದ ಬೇಸಗೆಯಲ್ಲಿ ಬೆಂಗಳೂರಿನ ಒಂದು ಅಂಗಡಿಗೆ ತಂದೆಯವರೂ ನನ್ನ ಜೊತೆ ಬಂದಿದ್ದರು. ಕೊಳ್ಳುವ ಶಕ್ತಿ ನಮಗಿರಲಿಲ್ಲ, ನೋಡಿ ಬರಲು ಹೋಗಿದ್ದೆವು. ನಾನು ಮೂರು ವಾದ್ಯಗಳನ್ನು ಮೀಟುತ್ತಾ ಹೋದಂತೆ ಅವರು ಮಾತಾಡದೆ ಒಂದೊಂದರ ಬೆನ್ನಿಗೂ ಅಂಗೈಯಿಟ್ಟು ನೋಡಿದರು. ಎಲ್ಲಕ್ಕಿಂತ ಥಳಥಳಿಸುತ್ತಿದ್ದ ಎರಡನೆಯದಕ್ಕೆ, "ಇದ್ರಾಗೆ ನಾಕು ತಂತಿ ಮಾತಾಡ್ತವೆ ಕಣಪ್ಪಾ, ಇದೊಂದು ಮಾತ್ರ ಗೊಣಗ್ತದೆ" ಎಂದರು. ಅಂಗಡಿಯವರು ನಕ್ಕರು. ಆದರೆ ಧ್ವನಿವರ್ಧಕಕ್ಕೆ ಜೋಡಿಸಿದಾಗಲೂ ಅದು ಗೊಣಗಿತೇ ಹೊರತು ನುಡಿಯಲಿಲ್ಲ.

ಅಂಗೈಯ ಪರೀಕ್ಷೆ ಎಲ್ಲರಿಗೂ ಸಾಧ್ಯವಾಗಲಾರದು. ಕಿವಿಗೆ ಸುಲಭವಾದದ್ದು ಇದು: ಬಿ ತಂತಿಯ ಐದನೆಯ ಮೆಟ್ಟಿಲನ್ನು ಒತ್ತಿ ಮೀಟಿರಿ, ಆಮೇಲೆ ಇ ತಂತಿಯನ್ನು ಖಾಲಿ ಮೀಟಿರಿ. ಎರಡೂ ಒಂದೇ ಸ್ವರ. ಕಣ್ಣು ಮುಚ್ಚಿದವನಿಗೆ ಒಂದೇ ಕಂಠದಿಂದ ಬಂದಂತೆ ಕೇಳಿಸಬೇಕು. ಒಂದು ಅಣ್ಣನದೂ ಒಂದು ನೆಗಡಿ ಹಿಡಿದ ತಮ್ಮನದೂ ಆದರೆ ಅದನ್ನು ಗೋಡೆಗೆ ಮರಳಿ ತೂಗುಹಾಕಿರಿ. ಬಳಿಕ ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಬರಿದೆ ಮುಟ್ಟಿ ಒಮ್ಮೆ, ಒತ್ತಿ ಒಮ್ಮೆ ನುಡಿಸಿ ನೋಡಬೇಕು. ಭೇದವಿದ್ದರೆ ಕುದುರೆಯ ತಿರುಪನ್ನು ಸರಿಸಿಕೊಡುವಂತೆ ಕೇಳಬೇಕು. ಸರಿಸಿಯೂ ಕೂಡದಿದ್ದರೆ ತಂತಿ ಹಳತು, ಇಲ್ಲವೆ ವಾದ್ಯವೇ ಹಾಗೆ. ಜಿ ತಂತಿಯ ಐದರಿಂದ ಏಳನೆಯ ಮೆಟ್ಟಿಲಿನ ಸುತ್ತಿನಲ್ಲಿ ಸ್ವರ ಬೇಗ ಸಾಯುವ ದೋಷ ಅನೇಕ ಬೇಸುಗಳಿಗುಂಟು. ಅಲ್ಲಿಯೂ ಒಮ್ಮೆ ನಿಲ್ಲಿರಿ. ಕಡೆಗೆ ಪಟ್ಟಿ ಹಾಕಿಕೊಂಡು ಎದ್ದು ನಿಂತು ಎಡಗೈಯನ್ನು ಬಿಟ್ಟುಬಿಡಬೇಕು. ಐದು ಬಿರಡೆಗಳ ಭಾರಕ್ಕೆ ದಂಡಿ ನೆಲ ನೋಡಿದರೆ ರಾತ್ರಿಯೆಲ್ಲ ಎಡಗೈ ಅದನ್ನು ಹೊರುತ್ತಲೇ ಇರಬೇಕಾದೀತು, ನುಡಿಸುವುದು ಯಾವಾಗ?

ವೇದಿಕೆಯ ಸಂಗತಿ ಬೇರೆಯೇ ಇದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ. ಶಾಮಿಯಾನದವರು ತರುವ ಸ್ಪೀಕರ್ ಪೆಟ್ಟಿಗೆಗಳು 40, 50ಕ್ಕಿಂತ ಕೆಳಗಿನ ಕಂಪನಗಳನ್ನು ಸರಿಯಾಗಿ ಕೊಡುವುದಿಲ್ಲ. ಹಾಗಾದರೆ 31ರ ಬಿ ತಂತಿ ಜನರಿಗೆ ಕೇಳುವುದು ಹೇಗೆ? ಅದರ ಎರಡನೆಯ, ಮೂರನೆಯ ಅನುಸ್ವರಗಳು, ಎಂದರೆ 62, 93, ಪೆಟ್ಟಿಗೆಯಿಂದ ಹೊರಬರುತ್ತವೆ. ಇಲ್ಲದ ಮೂಲಸ್ವರವನ್ನು ಕಿವಿ ತಾನೇ ಕಲ್ಪಿಸಿಕೊಳ್ಳುತ್ತದೆ. ಆದ್ದರಿಂದ ನಮಗೆ ಬೇಕಾದದ್ದು ಎದೆ ನಡುಗಿಸುವ ಆಳವಲ್ಲ, ಅನುಸ್ವರಗಳ ಸ್ಪಷ್ಟತೆ. ಅಂಗಡಿಯ ದೊಡ್ಡ ಆಂಪ್ಲಿಫೈಯರಿನಲ್ಲಿ ಗುಡುಗುವ ವಾದ್ಯ ನಮ್ಮೂರ ಜಾತ್ರೆಯಲ್ಲಿ ಮಾಯವಾಗಬಹುದು. ಅಲ್ಲಿರುವ ಅತಿ ಚಿಕ್ಕ ಪೆಟ್ಟಿಗೆಯನ್ನು ಕೇಳಿ ಪಡೆದು, ಬೇಸ್ ಗುಂಡಿಯನ್ನು ಇಳಿಸಿ, ಆಗಲೂ ಬಿ ತಂತಿಯ ಸ್ವರಗಳು ಬಿಡಿಬಿಡಿಯಾಗಿ ತಿಳಿಯುತ್ತವೆಯೇ ಎಂದು ನೋಡುವುದೇ ಸರಿಯಾದ ಕ್ರಮ.

ಗುಂಯ್ ಎನ್ನುವ ಸದ್ದಿನ ವಿಷಯವೂ ಇಲ್ಲಿಗೇ ಸೇರಿದ್ದು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಬೇಸಿನ ಕೆಳಗಿನ ಜಿ ಸ್ವರ 49. ಸೀರಿಯಲ್ ದೀಪಗಳ ನಡುವೆ ಒಂಟಿ ಸುರುಳಿಯ ಪಿಕಪ್ ಇಟ್ಟುಕೊಂಡು ನಿಂತರೆ ಅಪಶ್ರುತಿಯ ತಂಬೂರಿಯೊಂದು ರಾತ್ರಿಯೆಲ್ಲ ಜೊತೆಗಿದ್ದಂತೆಯೇ. ಜೋಡಿ ಸುರುಳಿಯ ಹಂಬಕರ್ ಪಿಕಪ್ ಇದನ್ನು ಬಹುವಾಗಿ ತಗ್ಗಿಸುತ್ತದೆ. ನಮಗೆ ಅದೇ ತಕ್ಕದ್ದು. ತಂತಿಯ ಮೇಲೆ ಕೈಯಿರುವಾಗ ತುಟಿಗೆ ಮೈಕು ತಾಗಿ ಜುಮ್ಮೆಂದರೆ ಅರ್ಥಿಂಗ್ ಕೆಟ್ಟಿದೆಯೆಂದು ತಿಳಿದು ಆಗಲೇ ನಿಲ್ಲಿಸಿರಿ. ಅದು ಸಂಗೀತದ ಮಾತಲ್ಲ, ಪ್ರಾಣದ ಮಾತು.

ಬೆಲೆ, ಹೆಸರು ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯಮಾಹ, ಐಬನೆಜ್, ಕಾರ್ಟ್ ಮೊದಲಾದ ಕಂಪೆನಿಗಳು ಹೊಸಬರಿಗೆ ನಿಲುಕುವ ದರದಲ್ಲೂ ಐದು ತಂತಿಯವನ್ನು ಮಾಡುತ್ತವೆ. ನಾನು ನೋಡಿದವು ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಮೇಲಕ್ಕಿದ್ದವು. ಒಂದೇ ಮಾದರಿಯ ಎರಡು ವಾದ್ಯಗಳೂ ಒಂದೇ ರೀತಿ ನುಡಿಯಬೇಕೆಂದಿಲ್ಲವಾದ್ದರಿಂದ, ನುಡಿಸಿ ನೋಡಿದ ಅದನ್ನೇ ಕಟ್ಟಿಸಿಕೊಂಡು ಬರಬೇಕು. ಒಳಗಿನಿಂದ ಬೇರೊಂದು ಪೆಟ್ಟಿಗೆ ತಂದುಕೊಟ್ಟರೆ ಒಪ್ಪಬಾರದು. ಒಳಗೆ 9 ವೋಲ್ಟಿನ ಬ್ಯಾಟರಿ ಬೇಡುವ ಬಗೆಯಾದರೆ, ಬ್ಯಾಟರಿ ಮುಗಿದಾಗಲೂ ನುಡಿಯುವ ಗುಂಡಿಯಿದೆಯೇ ಎಂದು ಕೇಳಿರಿ. ರಾತ್ರಿ ಹನ್ನೊಂದಕ್ಕೆ ನಂಗಲಿಯಲ್ಲಿ ಯಾವ ಅಂಗಡಿ ತೆರೆದಿರುತ್ತದೆ?

ಇಷ್ಟೆಲ್ಲ ನೋಡಿ ತಂದ ಮೇಲೆ ಅದನ್ನು ಇಡುವುದೆಲ್ಲಿ ಎಂಬುದು ನನಗೆ ಬೆಲೆಗಿಂತ ದೊಡ್ಡ ಪ್ರಶ್ನೆ. ಬೀರುವಿನಲ್ಲಿಟ್ಟು, ವಾರ್ಷಿಕೋತ್ಸವದ ಹಿಂದಿನ ದಿನ ಬೀಗ ತೆಗೆಯುವುದಾದರೆ ಕೊಳ್ಳುವುದೇ ಬೇಡ. ದಂಡಿ ಬಾಗುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ಹುಡುಗರ ಬೆರಳಿಗೆ ಅಭ್ಯಾಸವೂ ಆಗುವುದಿಲ್ಲ. ಮನೆಯಲ್ಲಿ ಇಂಥ ವಾದ್ಯವನ್ನು ಕೊಳ್ಳಲಾರದವರೇ ಈ ಕಾಲೇಜಿಗೆ ಹೆಚ್ಚಾಗಿ ಬರುವುದು. ಅವರ ಕೈಗೆ ಇದು ಸಿಗುವ ಜಾಗ ಇದೊಂದೇ. ಗ್ರಂಥಾಲಯದ ಪುಸ್ತಕದಂತೆ ಹೆಸರು ಬರೆಸಿಕೊಂಡು, ಸಂಜೆ ಒಂದು ಗಂಟೆ ಕಾಲ ಕೊಡುವ ಏರ್ಪಾಡಾಗಲಿ. ಈ ಮಾರ್ಚಿಗೆ ನಾನು ಇಲ್ಲಿಂದ ಹೊರಡುವವನು; ನನಗೆ ಅದು ದಕ್ಕುವುದಿಲ್ಲ. ಪ್ರಥಮ ಬಿ.ಎ. ತರಗತಿಯಲ್ಲಿ ಬೆಂಚಿನ ಮೇಲೆ ಬೆರಳಾಡಿಸುವ ಇಬ್ಬರು ಹುಡುಗರೂ ಒಬ್ಬ ಹುಡುಗಿಯೂ ಇರುವುದನ್ನು ನಾನು ಕಂಡಿದ್ದೇನೆ.

ಸಮಿತಿಯವರು ಬೆಂಗಳೂರಿಗೆ ಹೊರಡುವ ದಿನ ಗೊತ್ತಾದರೆ ನನಗೆ ಹೇಳಿ ಕಳಿಸಲಿ, ಜೊತೆಗೆ ಬರುತ್ತೇನೆ. ನಮ್ಮ ಕಾಲೇಜಿನ ಗಾಯಕಿಯರಲ್ಲಿ ಒಬ್ಬರೂ ಬರಲಿ. ಅವರು ಹಾಡುವ ಶ್ರುತಿಯಿಂದ ಎರಡು ಮನೆ ಇಳಿಸಿ, ಅಲ್ಲಿಯೇ, ಅಂಗಡಿಯಲ್ಲಿಯೇ, ಒಂದು ಹಾಡನ್ನು ಪೂರ್ತಿ ನುಡಿಸಿ ನೋಡೋಣ.