ಕಣಜದ ಬಾಡಿಗೆ, ಗಾಡಿಯ ಕೂಲಿ
ಬೆಂಗಳೂರಿನ ತರುಣ ಮಿತ್ರನೊಬ್ಬನು ತನ್ನ ನೂತನ ಉದ್ಯಮದ ಜಾಲತಾಣಕ್ಕೆ ಬಂದ ಮಾಸಿಕ ಬಿಲ್ಲನ್ನು ಈ ವಾರ ನನ್ನ ಮುಂದಿರಿಸಿದಾಗ, ಕೈಮಗ್ಗದ ಸೀರೆಗಳ ಛಾಯಾಚಿತ್ರಗಳನ್ನು ಸಂಗ್ರಹಿಸಿಡುವ ವೆಚ್ಚವು ಅತ್ಯಲ್ಪವಾಗಿಯೂ, ಅವನ್ನು ನೋಡುಗರ ಫೋನುಗಳಿಗೆ ಮುಟ್ಟಿಸುವ ವೆಚ್ಚವು ಅದರ ಹಲವು ಪಟ್ಟಾಗಿಯೂ ಇದ್ದುದು ಕಣ್ಣಿಗೆ ಬಿದ್ದಿತು. ಕಣಜಕ್ಕೆ ತೆರುವ ಬಾಡಿಗೆ ಒಂದೇ. ಗಾಡಿಯ ಕೂಲಿಯಾದರೋ ಮೂಟೆ ಹೊರಟಾಗಲೆಲ್ಲ ತೆರಬೇಕಾದುದು. 2006ರಲ್ಲಿ ಅಮೆಜಾನ್ ಸಂಸ್ಥೆಯು ಎಸ್‌3 ಎಂಬ ಕಡತ ಸಂಗ್ರಹ ಸೇವೆಯನ್ನು ಆರಂಭಿಸಿದಾಗ ಒಂದು ಗಿಗಾಬೈಟನ್ನು ತಿಂಗಳ ಕಾಲ ಇರಿಸಿಕೊಳ್ಳಲು 15 ಸೆಂಟುಗಳನ್ನೂ, ಅಷ್ಟನ್ನೇ ಹೊರಗೆ ಸಾಗಿಸಲು 20 ಸೆಂಟುಗಳನ್ನೂ ಕೇಳುತ್ತಿದ್ದಿತು. ಅನಂತರದ ವರ್ಷಗಳಲ್ಲಿ ಅಮೆರಿಕದ ಹಲವು ಕೇಂದ್ರಗಳಲ್ಲಿ ಮೊದಲನೆಯದು 2.3 ಸೆಂಟುಗಳಿಗೆ ಇಳಿದರೆ ಎರಡನೆಯದು 9ರ ಆಸುಪಾಸಿನಲ್ಲಿಯೇ ನಿಂತಿತು. ಆದಕಾರಣ ಹಳೆಯ ಕಡತಗಳನ್ನು ಅಳಿಸಿ ಮಿತವ್ಯಯ ಸಾಧಿಸಹೊರಡುವುದು ವ್ಯರ್ಥಶ್ರಮವೆಂದೇ ನನ್ನ ದೃಢವಾದ ಅಭಿಪ್ರಾಯ. ಕ್ಯಾಮೆರಾದಿಂದ ಬಂದಂತೆಯೇ ಏರಿಸಿದ 4 ಮೆಗಾಬೈಟಿನ ಸೆರಗಿನ ಚಿತ್ರವೊಂದನ್ನು ಹತ್ತು ಸಾವಿರ ಮಂದಿ ತೆರೆದರೆ 40 ಗಿಗಾಬೈಟುಗಳು ಹೊರಗೆ ಹರಿಯುತ್ತವೆ. ಅಂಗೈಯಗಲದ ಪರದೆಗೆ ತಕ್ಕಷ್ಟು ಕಿರಿದುಗೊಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ತಂದು, 200 ಕಿಲೋಬೈಟುಗಳಲ್ಲಿ ಅಡಗಿಸಿದರೆ ಅದೇ ಸೆರಗು, ಅದೇ ಜರಿ, ಎರಡೇ ಗಿಗಾಬೈಟುಗಳಲ್ಲಿ ಊರೂರು ತಲುಪುತ್ತದೆ. ಕ್ಲೌಡ್‌ಫ್ಲೇರ್ ಸಂಸ್ಥೆಯ ಆರ್‌2 ಎಂಬ ಸಂಗ್ರಹ ಸೇವೆಯು ಹೊರಸಾಗಣೆಗೆ ಶುಲ್ಕವನ್ನೇ ವಿಧಿಸುವುದಿಲ್ಲವೆಂಬುದು ನಿಜ, ಮಿತ್ರನಿಗೆ ಅದನ್ನೂ ಸೂಚಿಸಿದೆನು. ಆದರೆ ಆ 4 ಮೆಗಾಬೈಟಿನ ಭಾರವು ಅಲ್ಲಿಗೆ ಕರಗುವುದಿಲ್ಲ, ದಿನಕ್ಕಿಷ್ಟೆಂದು ಡೇಟಾ ಹಾಕಿಸಿಕೊಂಡು ದುರ್ಬಲ ಸಿಗ್ನಲಿನಲ್ಲಿ ಸೀರೆ ನೋಡುವ ಹಳ್ಳಿಯ ಹೆಣ್ಣುಮಗಳ ಮೇಲೆ ಅದು ಹಾಗೆಯೇ ಬೀಳುತ್ತದೆ, ಮತ್ತು ಚಿತ್ರವು ಪೂರ್ಣವಾಗಿ ಮೂಡುವ ಮುನ್ನವೇ ಆಕೆ ಪುಟವನ್ನು ಮುಚ್ಚಿಬಿಡುತ್ತಾಳೆ.