ರುಚಿ ನೋಡುವವರ ಪಂಕ್ತಿ

ಮುಂಬಯಿ, ಪುಣೆ, ದಿಲ್ಲಿಗಳಂತಹ ಊರುಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಿಗೆ ಈಚೀಚೆಗೆ ಒಂದು ಹೊಸ ಬಗೆಯ ಕರೆಯೋಲೆ ಬರತೊಡಗಿದೆ. ಮದುವೆಯದಲ್ಲ, ಮುಂಜಿಯದಲ್ಲ, ಸಂಘದ ವಾರ್ಷಿಕೋತ್ಸವದ್ದೂ ಅಲ್ಲ. ವೈನು ಕ್ಲಬ್ಬಿನವರು ಏರ್ಪಡಿಸಿದ ರುಚಿ ನೋಡುವ ಕೂಟಕ್ಕೆ, ಅದರ ಬೆನ್ನಿಗೇ ನಡೆಯುವ ರಾತ್ರಿಯೂಟಕ್ಕೆ ದಯಮಾಡಿಸಬೇಕೆಂಬ ಕರೆ. ಕಚೇರಿಯ ಮೇಲಧಿಕಾರಿ ಮಗನನ್ನು ಕರೆದಿರುತ್ತಾರೆ. ಗೆಳತಿಯೊಬ್ಬಳು ಸೊಸೆಯನ್ನು ಕರೆದಿರುತ್ತಾಳೆ. "ಇದೇನಪ್ಪ, ಕುಡಿಯುವುದಕ್ಕೂ ಆಮಂತ್ರಣವೆ?" ಎಂದು ಮನೆಯ ಹಿರಿಯರು ಕೇಳುತ್ತಾರೆ. "ಕುಡಿಯುವುದಲ್ಲ ಅಪ್ಪ, ಬರೀ ರುಚಿ ನೋಡುವುದು" ಎಂದು ಮಗ ಹೇಳುತ್ತಾನೆ. ತಂದೆಗೆ ನಂಬಿಕೆ ಬರುವುದಿಲ್ಲ. ಮಗನಿಗೆ ಬಿಡಿಸಿ ಹೇಳುವ ತಾಳ್ಮೆಯಿರುವುದಿಲ್ಲ. ಮರುಸಲ ಅಂಥ ಕರೆ ಬಂದರೆ ಬಂದ ಸಂಗತಿಯೇ ಮನೆಯಲ್ಲಿ ತಿಳಿಯುವುದಿಲ್ಲ.

ಮಗನ ಮಾತೂ ಸುಳ್ಳಲ್ಲ, ತಂದೆಯ ಅಂಜಿಕೆಯೂ ಬರಿದಲ್ಲ ಎಂಬುದು ನಮ್ಮ ಎಣಿಕೆ. ಆದುದರಿಂದ ಆ ಕೂಟಗಳಲ್ಲಿ ನಡೆಯುವುದಾದರೂ ಏನು, ಎಲ್ಲಿಯವರೆಗೆ ಅದು ರುಚಿ ನೋಡುವುದು, ಎಲ್ಲಿಂದಾಚೆಗೆ ಅದು ಕುಡಿತ ಎಂಬುದನ್ನು ಈ ಸಲ ಸಾವಧಾನವಾಗಿ ನೋಡೋಣ.

ಇಂಥ ಕೂಟಗಳಲ್ಲಿ ಬಹಳ ಹೆಸರಾದದ್ದು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ್ದು. ಅದು ಹುಟ್ಟಿದ್ದು ಸಿರಿವಂತರ ಲಹರಿಯಿಂದಲ್ಲ, ಸಂಕಟದಿಂದ. ೧೯೩೦ರ ಸುಮಾರಿಗೆ ಲೋಕವನ್ನೆಲ್ಲ ಆರ್ಥಿಕ ಮುಗ್ಗಟ್ಟು ಹಿಡಿದಿತ್ತು. ಅಮೆರಿಕದಲ್ಲಿ ೧೯೨೦ರಿಂದ ೧೯೩೩ರವರೆಗೆ ಪಾನನಿರೋಧ. ಬರ್ಗಂಡಿಯ ನೆಲಮಾಳಿಗೆಗಳಲ್ಲಿ ಪೀಪಾಯಿಗಳು ತುಂಬಿದ್ದವು; ಕೊಳ್ಳುವವರಿರಲಿಲ್ಲ. ಆಗ ನ್ಯುಯಿ ಸಾಂ ಜಾರ್ಜ್ ಎಂಬ ಊರಿನಲ್ಲಿ ಜಾರ್ಜ್ ಫೇವ್ಲೆ, ಕಮೀಯ್ ರೋದಿಯೆ ಎಂಬಿಬ್ಬರು ಗೆಳೆಯರು ಕೂಡಿ, ಮಾರಾಟವಾಗದ ವೈನನ್ನು ನಾಲ್ಕು ಜನರನ್ನು ಕರೆದು ಊಟದೊಡನೆ ಬಡಿಸುವುದೇ ಲೇಸೆಂದು ಬಗೆದು, ೧೯೩೪ರಲ್ಲಿ ಒಂದು ಬಳಗವನ್ನು ಕಟ್ಟಿದರು. 'ತಾಸ್ತವಾಂ ವೀರರ ಬಳಗ' ಎಂದು ಅದರ ಹೆಸರು. ತಾಸ್ತವಾಂ ಎಂದರೆ ಅಂಗೈಯಲ್ಲಿ ಹಿಡಿಸುವ, ತಗ್ಗಾದ ಬೆಳ್ಳಿಯ ಬಟ್ಟಲು. ಅದರ ಮೈಯೆಲ್ಲ ಉಬ್ಬುತಗ್ಗು. ಕತ್ತಲ ನೆಲಮಾಳಿಗೆಯಲ್ಲಿ ಮೇಣದ ಬತ್ತಿಯ ಬೆಳಕು ಅದರ ಮೇಲೆ ಬಿದ್ದು ಹೊಳೆದಾಗ ವೈನು ತಿಳಿಯಾಗಿದೆಯೋ ಕದಡಿದೆಯೋ ತಿಳಿಯುತ್ತದೆ.

ಇಂದು ಆ ಬಳಗದ ಊಟ ನಡೆಯುವುದು ಹಿಂದೆ ಸಿಸ್ಟರ್ಸಿಯನ್ ಸನ್ಯಾಸಿಗಳದಾಗಿದ್ದ ಕ್ಲೋ ದ ವೂಜೋ ಎಂಬ ದ್ರಾಕ್ಷಿತೋಟದ ಕಟ್ಟಡದಲ್ಲಿ. ಒಂದೊಂದು ಪಂಕ್ತಿಗೂ ಐನೂರರಷ್ಟು ಜನ ಕೂಡುತ್ತಾರೆ. ಕೆಂಪು ಹೊಂಬಣ್ಣದ ನಿಲುವಂಗಿ ತೊಟ್ಟ ಹಿರಿಯರು, ನಾಡಿನ ಅಡಿಗೆ, ನಾಡಿನ ಹಾಡು, ಹಾಡಿಗೆ ತಕ್ಕಂತೆ ಎಲ್ಲರೂ ಕೈಯೆತ್ತಿ ಮುಂಗೈ ತಿರುಗಿಸುವ ಒಂದು ಆಟ. ಪರಊರಿನಲ್ಲಿ ಸಂಘ ಕಟ್ಟಿರುವ ನಮಗೆ ಇದರ ಮರ್ಮ ತಿಳಿಯದ್ದೇನಲ್ಲ. ಊಟ, ಹಾಡು, ವೇಷ ಈ ಮೂರೂ ಕೂಡಿದ ಕಡೆ ಜನ ತಾವಾಗಿ ಸೇರುತ್ತಾರೆ; ಸೇರಿದ ಮೇಲೆ ನಾಡಿನ ಹೆಸರು ತಾನಾಗಿ ಬೆಳೆಯುತ್ತದೆ. ಮಾರಲಾರದೆ ಕುಳಿತಿದ್ದ ರೈತನ ಸರಕು ಹೀಗೆ ಊರೂರಿಗೂ ಹೆಸರಾಯಿತು.

ನಮ್ಮ ದೇಶಕ್ಕೆ ಈ ಪದ್ಧತಿ ತಡವಾಗಿ ಬಂತು. ದಿಲ್ಲಿಯಲ್ಲಿ ಸುಭಾಷ್ ಅರೋರಾ ಅವರು ದಿಲ್ಲಿ ವೈನ್ ಕ್ಲಬ್ಬನ್ನು ಆರಂಭಿಸಿದ್ದು ೨೦೦೨ರಲ್ಲಿ. ಅದಕ್ಕೆ ಮುಂಚೆಯೇ ತೋಟಗಳು ಎದ್ದಿದ್ದವು. ನಮ್ಮ ನಂದಿಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ೧೯೮೮ರ ಸುಮಾರಿಗೆ ಫ್ರೆಂಚ್ ತಳಿಯ ಬಳ್ಳಿಗಳನ್ನು ಬೆಳೆಸಿದರು. ನಾಸಿಕದಲ್ಲಿ ರಾಜೀವ್ ಸಾಮಂತರ ಸುಲಾ ತೋಟದ ಮೊದಲ ವೈನು ಹೊರಬಂದದ್ದು ೨೦೦೦ದಲ್ಲಿ. ಯುರೋಪಿನಲ್ಲಿ ದ್ರಾಕ್ಷಿಯ ಸುಗ್ಗಿ ಸೆಪ್ಟೆಂಬರು ಅಕ್ಟೋಬರುಗಳಲ್ಲಿ. ನಾಸಿಕದಲ್ಲಿಯಾದರೋ ಜನವರಿಯಿಂದ ಮಾರ್ಚಿಯವರೆಗೆ. ಮಳೆ ಕಳೆದ ಮೇಲೆ ಬಳ್ಳಿಯನ್ನು ಸವರಿ, ಚಳಿಗಾಲದಲ್ಲಿ ಹಣ್ಣು ಮಾಗುವಂತೆ ಮಾಡುತ್ತಾರೆ.

ಇನ್ನು ಕೂಟದ ಕ್ರಮ. ಬಿಳಿಯ ಬಟ್ಟೆ ಹಾಸಿದ ಮೇಜು. ಒಬ್ಬೊಬ್ಬರ ಮುಂದೆಯೂ ಉದ್ದ ಕಾಲಿನ ಗಾಜಿನ ಲೋಟಗಳ ಸಾಲು, ನೀರು, ಚಪ್ಪೆ ಬ್ರೆಡ್ಡಿನ ತುಂಡು, ಬರೆದುಕೊಳ್ಳಲು ಹಾಳೆ. ಇವೆಲ್ಲದರ ನಡುವೆ ಹೊಸಬರು ಕಂಡು ಬೆರಗಾಗುವ ಪದಾರ್ಥ ಒಂದುಂಟು. ಅದು ಪೀಕದಾನಿ! ನಮ್ಮ ಅಜ್ಜಂದಿರ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆಯ ಪಕ್ಕದಲ್ಲಿ ಕುಳಿತಿರುತ್ತಿದ್ದ ಪೀಕದಾನಿಯ ದೂರದ ನಂಟ.

ಲೋಟದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಸುರಿಯುವುದಿಲ್ಲ. ಇದು ಜಿಪುಣತನವಲ್ಲ, ಲೋಟವನ್ನು ಮೆಲ್ಲಗೆ ಸುತ್ತಾಡಿಸಿದಾಗ ವೈನಿಗೆ ಗಾಳಿ ತಗುಲಿ ಕಂಪು ಮೇಲೇಳಬೇಕು, ಮೇಲೆದ್ದ ಕಂಪು ನಿಲ್ಲಲು ಎಡೆಯಿರಬೇಕು. ಮೊದಲು ಬಿಳಿಯ ಬಟ್ಟೆಯೆದುರು ಹಿಡಿದು ಬಣ್ಣ ನೋಡುತ್ತಾರೆ. ಬಿಳಿಯ ವೈನು ವಯಸ್ಸಾದಂತೆ ಬಣ್ಣವೇರುತ್ತದೆ. ಕೆಂಪು ವೈನು ವಯಸ್ಸಾದಂತೆ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. ಆಮೇಲೆ ಮೂಸುತ್ತಾರೆ. ಆಮೇಲೆ ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ಬಿಸಿ ಸಾರನ್ನು ಹೀರುವಂತೆ ಸೊರ್ರೆಂದು ಗಾಳಿಯೆಳೆದು, ಬಾಯಲ್ಲೆಲ್ಲ ಆಡಿಸಿ, ಪೀಕದಾನಿಗೆ ಉಗುಳುತ್ತಾರೆ. ಯಾವ ಸದ್ದಿಗಾಗಿ ನಮ್ಮ ತಾಯಂದಿರು ಚಿಕ್ಕಂದಿನಲ್ಲಿ ಗದರಿಸುತ್ತಿದ್ದರೋ ಅದೇ ಸದ್ದು ಅಲ್ಲಿ ಪಾಂಡಿತ್ಯದ ಗುರುತು! ಬಿಳಿಯದಾದ ಮೇಲೆ ಕೆಂಪು, ಹಗುರಾದದ್ದಾದ ಮೇಲೆ ಗಡುಸಾದದ್ದು, ಸಿಹಿಯದು ಕಡೆಯಲ್ಲಿ. ಅತ್ತರು ಬಳಿದುಕೊಂಡು ಹೋಗಕೂಡದು. ಮಲ್ಲಿಗೆ ಮುಡಿದು ಹೋದರೆ ಪಕ್ಕದವರಿಗೆ ಎಲ್ಲ ವೈನಿನಲ್ಲಿಯೂ ಮಲ್ಲಿಗೆಯೇ.

ಇಷ್ಟೆಲ್ಲ ಏತಕ್ಕೆಂದರೆ, ರುಚಿಯೆಂದು ನಾವು ಹೇಳುವುದರಲ್ಲಿ ಹೆಚ್ಚಿನ ಪಾಲು ಮೂಗಿನದು. ನೆಗಡಿಯಾದಾಗ ಎಂಥ ಸಾರೂ ಬಿಸಿನೀರಾಗುವುದು ಎಲ್ಲರ ಅನುಭವ. ನಾಲಿಗೆ ಬಲ್ಲದ್ದು ನಾಲ್ಕೈದು ರುಚಿಯನ್ನು ಮಾತ್ರ. ಆದರೆ ಹೆಸರಿಡುವುದರಲ್ಲಿ ನಮ್ಮ ನುಡಿ ಬಡವೆಯೇನಲ್ಲ. ಕೆಂಪು ವೈನು ಬಾಯಿಯನ್ನು ಜುಗ್ಗೆಂದು ಹಿಡಿಯುವ ಗುಣವನ್ನು ಹೇಳಲು ಇಂಗ್ಲಿಷಿನವರು ಉದ್ದವಾದ ಪದವನ್ನು ಹುಡುಕುತ್ತಾರೆ. ನಮ್ಮಲ್ಲಿ ಅಡಿಕೆ ಅಗಿದವರೆಲ್ಲರಿಗೂ ಗೊತ್ತಿರುವ 'ಒಗರು' ಉಂಟು. ಸಿಪ್ಪೆ ಬೀಜಗಳಿಂದ ಇಳಿದ ಟ್ಯಾನಿನ್ ಎಂಬ ವಸ್ತು ಜೊಲ್ಲಿನೊಡನೆ ಕೂಡಿ ಈ ಒಗರನ್ನು ಹುಟ್ಟಿಸುತ್ತದೆ. ಷಿರಾಜ್ ಎಂಬ ಕಪ್ಪು ದ್ರಾಕ್ಷಿಯ ವೈನಿನಲ್ಲಿ ಕರಿಮೆಣಸಿನ ವಾಸನೆಯಿದೆ ಎಂದು ರಸಜ್ಞರು ಬಹುಕಾಲದಿಂದ ಹೇಳುತ್ತಿದ್ದರು. ಅದು ಬರಿಯ ಕವಿಕಲ್ಪನೆಯಲ್ಲ, ಮೆಣಸಿನ ಘಮಕ್ಕೆ ಕಾರಣವಾದ ರೊಟಂಡೋನ್ ಎಂಬ ವಸ್ತುವೇ ಆ ದ್ರಾಕ್ಷಿಯಲ್ಲಿಯೂ ಇದೆ ಎಂದು ಆಸ್ಟ್ರೇಲಿಯದ ಸಂಶೋಧಕರು ೨೦೦೮ರಲ್ಲಿ ತೋರಿಸಿಕೊಟ್ಟರು. ಮೆಣಸು ಒಣಗಿಸಿದ ಮಲೆನಾಡಿನ ಅಂಗಳವನ್ನು ಕಂಡವರಿಗೆ ಅದನ್ನು ಗುರುತಿಸಲು ಯಾವ ಪರದೇಶದ ಶಿಕ್ಷಣವೂ ಬೇಡ. ಆದಕಾರಣ ಇಂಥ ಕೂಟಗಳಿಗೆ ಹೋಗುವ ನಮ್ಮ ತರುಣರು, ತಾವು ಕಂಡರಿಯದ ಪರದೇಶದ ಹಣ್ಣುಗಳ ಹೆಸರನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕಾದ್ದಿಲ್ಲ. ನೇರಳೆ, ಸೀಬೆ, ಬೆಟ್ಟದ ನೆಲ್ಲಿ, ದೊಣ್ಣೆಮೆಣಸಿನಕಾಯಿ ಎಂದು ಬರೆದರೆ ಅದೂ ಸರಿಯಾದ ಉತ್ತರವೇ.

ಆದರೆ ಮನುಷ್ಯನ ನಾಲಿಗೆ ಬಹಳ ಬೇಗ ಮೋಸಹೋಗುತ್ತದೆ ಎಂಬುದೂ ಈ ಕೂಟಗಳಿಂದಲೇ ಬೆಳಕಿಗೆ ಬಂದ ಸಂಗತಿ. ೧೯೭೬ರ ಮೇ ೨೪ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವರ್ತಕನು ಒಂದು ಪರೀಕ್ಷೆಯನ್ನು ಏರ್ಪಡಿಸಿದನು. ಸೀಸೆಗಳ ಗುರುತು ಕಾಣದಂತೆ ಮಾಡಿ, ಫ್ರಾನ್ಸಿನ ಹೆಸರಾಂತ ವೈನುಗಳನ್ನೂ ಅಮೆರಿಕದ ಕ್ಯಾಲಿಫೋರ್ನಿಯದ ವೈನುಗಳನ್ನೂ ಒಂಬತ್ತು ಮಂದಿ ಫ್ರೆಂಚ್ ರಸಜ್ಞರ ಮುಂದಿಟ್ಟನು. ಬಿಳಿಯದರಲ್ಲಿಯೂ ಕೆಂಪಿನಲ್ಲಿಯೂ ಮೊದಲನೆಯ ಸ್ಥಾನ ಅವರ ಕೈಯಿಂದಲೇ ಕ್ಯಾಲಿಫೋರ್ನಿಯಕ್ಕೆ ಹೋಯಿತು! ೨೦೦೧ರಲ್ಲಿ ಪ್ರಕಟವಾದ ಬೋರ್ಡೊ ನಗರದ ಪ್ರಯೋಗವೊಂದು ಇನ್ನೂ ಸೋಜಿಗದ್ದು. ಬಿಳಿಯ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನಿನ ವಿದ್ಯೆಯನ್ನೇ ಕಲಿಯುತ್ತಿದ್ದ ೫೪ ಮಂದಿಗೆ ಕೊಟ್ಟಾಗ ಅವರು ಅದರ ಕಂಪನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಲ್ಲಿಯೇ ಬಣ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ಒಪ್ಪಿಬಿಟ್ಟಿತು. ಒಳ್ಳೆಯ ಕ್ಲಬ್ಬಿನಲ್ಲಿ ಮೊದಲು ಬರೆಯಿರಿ, ಆಮೇಲೆ ಮಾತಾಡಿರಿ ಎಂದು ಹೇಳುವುದು ಇದಕ್ಕಾಗಿಯೇ. ಪಕ್ಕದ ದೊಡ್ಡ ಮನುಷ್ಯರು ತಲೆದೂಗಿದರೆಂದು ತಾನೂ ತಲೆದೂಗುವವನಿಗೆ ಅಲ್ಲಿ ಕೆಲಸವಿಲ್ಲ.

ಇಲ್ಲಿಯವರೆಗೆ ನಡೆದದ್ದು ರುಚಿ ನೋಡುವ ಕೂಟ. ಇದರ ಬೆನ್ನಿಗೆ ಊಟ. ಒಂದೊಂದು ಭಕ್ಷ್ಯವನ್ನೂ ಬಿಡಿಬಿಡಿಯಾಗಿ ತಂದು, ಒಂದೊಂದಕ್ಕೂ ತಕ್ಕ ವೈನನ್ನು ಜೊತೆಗೂಡಿಸುತ್ತಾರೆ. ನಮ್ಮ ಬಾಳೆಯೆಲೆಗೆ ಈ ಲೆಕ್ಕ ಒಗ್ಗುವುದು ಕಷ್ಟ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಗೊಜ್ಜು, ಪಾಯಸ ಎಲ್ಲವೂ ಒಟ್ಟಿಗೇ ಎಲೆಯ ಮೇಲಿರುವಾಗ ತುತ್ತುತುತ್ತಿಗೂ ರುಚಿ ಬೇರೆ. ಯಾವುದಕ್ಕೆಂದು ಜೊತೆ ಹುಡುಕುವುದು? ಇದಲ್ಲದೆ ಖಾರದ ಉರಿಯನ್ನು ಮದ್ಯಸಾರ ಹೆಚ್ಚಿಸುತ್ತದೆ. ಎಣ್ಣೆಗಾಯಿಯ ಮೇಲೆ ಗಡುಸಾದ ಕೆಂಪು ವೈನು ಬಿದ್ದರೆ ಎರಡೂ ಕೆಡುತ್ತವೆ.

ಊಟಕ್ಕೆ ಕುಳಿತಾಗ ಆಗುವ ಇನ್ನೊಂದು ಮಾರ್ಪಾಟನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಪೀಕದಾನಿ ಮೇಜಿನಿಂದ ಮಾಯವಾಗುತ್ತದೆ. ನಾವು ಕೇಳಿದ ಗಡಿ ಇದೇ. ಒಂದೊಂದು ಬಗೆಗೆ ೫೦ ಮಿಲಿಲೀಟರಿನಂತೆ ಎಂಟು ಬಗೆಯನ್ನು ಉಗುಳದೆ ನುಂಗಿದರೆ ೪೦೦ ಮಿಲಿಲೀಟರಾಯಿತು. ೭೫೦ ಮಿಲಿಲೀಟರಿನ ಸೀಸೆಯಲ್ಲಿ ಅದು ಅರ್ಧಕ್ಕೂ ಹೆಚ್ಚು! ವೈನಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ನೂರಕ್ಕೆ ಹನ್ನೆರಡರಿಂದ ಹದಿನಾಲ್ಕು ಪಾಲು. ನಮ್ಮ ದೇಶದ ಕಾನೂನಿನಂತೆ ೧೦೦ ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದವನು ವಾಹನ ನಡೆಸಿದರೆ ಅಪರಾಧಿ. ಮದ್ಯದಲ್ಲಿ ಅಪಾಯವಿಲ್ಲದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬೆಳ್ಳಿಯ ಬಟ್ಟಲಲ್ಲಿ ಕುಡಿದರೂ ಈ ಮಾತು ಬದಲಾಗುವುದಿಲ್ಲ.

ಹಿರಿಯರ ಅಂಜಿಕೆಯ ಬೇರು ಇಲ್ಲಿದೆ. ಸೇಂದಿ ಸಾರಾಯಿಗಳಿಂದ ಹೊಲ ಮನೆ ಕಳೆದುಕೊಂಡ ಸಂಸಾರಗಳನ್ನು ಅವರು ಕಣ್ಣಾರೆ ಕಂಡಿದ್ದಾರೆ. ಕರ್ನಾಟಕ ಸರಕಾರ ಸಾರಾಯಿಯನ್ನು ನಿಷೇಧಿಸಿದ್ದು ೨೦೦೭ರಲ್ಲಿ. ದ್ರಾಕ್ಷಿ ಬೆಳೆಗಾರರ ಹಿತಕ್ಕೆಂದು ರಾಜ್ಯ ರೂಪಿಸಿದ ವೈನು ನೀತಿಯೂ ಅದೇ ೨೦೦೭ರದು. ಒಂದು ಕೈಯಲ್ಲಿ ತಡೆ, ಇನ್ನೊಂದು ಕೈಯಲ್ಲಿ ಕರೆ. ಸರಕಾರಕ್ಕೇ ಇರುವ ಈ ಇಬ್ಬಗೆ ಒಂದು ಮನೆಯೊಳಗೆ ಇದ್ದರೆ ಆಶ್ಚರ್ಯವೇನು?

ಆದುದರಿಂದ ಹಿರಿಯರಲ್ಲಿ ನಮ್ಮದೊಂದು ವಿನಂತಿ: ಪ್ರಶ್ನೆ ಕೇಳಿರಿ, ಆದರೆ ತೀರ್ಪನ್ನು ಮೊದಲೇ ಕೊಟ್ಟು ಆಮೇಲೆ ಕೇಳಬೇಡಿರಿ. ಗದರಿಕೆಯಿಂದ ಕುಡಿತ ನಿಂತದ್ದಕ್ಕಿಂತ ಮಾತು ನಿಂತದ್ದೇ ಹೆಚ್ಚು. ಪರಊರಿನಲ್ಲಿ ನೆರೆಹೊರೆಯ ಬಂಧುಗಳಿಲ್ಲದ ನಮ್ಮ ಮನೆಗಳಿಗೆ ಆ ನಷ್ಟ ಇನ್ನೂ ದೊಡ್ಡದು. ರಾತ್ರಿ ಹನ್ನೊಂದಕ್ಕೆ ಕರೆದುತರಲು ಯಾರನ್ನು ಕೂಗಬೇಕೆಂದು ತೋಚದ ಮಗನಿಗಿಂತ, "ಅಪ್ಪ, ನಾನು ಗಾಡಿ ನಡೆಸುವ ಹಾಗಿಲ್ಲ" ಎಂದು ಧೈರ್ಯವಾಗಿ ಮನೆಗೆ ಫೋನು ಮಾಡುವ ಮಗ ಮೇಲಲ್ಲವೆ? ತರುಣರಲ್ಲಿಯೂ ಒಂದು ಮಾತು: ರುಚಿ ನೋಡಲು ಹೋಗುವುದಾದರೆ ರುಚಿಯನ್ನೇ ನೋಡಿರಿ. ಉಗುಳುವುದು ಅಲ್ಲಿ ಅವಮಾನವಲ್ಲ, ಬಲ್ಲವರೆಲ್ಲ ಉಗುಳುವವರೇ. ಬೇಡವೆನ್ನುವುದೂ ಅವಮಾನವಲ್ಲ, ನೀರಿನ ಲೋಟ ಹಿಡಿದು ಕುಳಿತವನನ್ನು ನೋಡಿ ನಗುವ ಕ್ಲಬ್ಬು ರಸಜ್ಞರದಲ್ಲ, ಕುಡುಕರದು. ಹೋಗುವ ಸಂಗತಿಯನ್ನು ಮನೆಯಲ್ಲಿ ಹೇಳಿ ಹೋಗಿರಿ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯ ಎರಡು ತುಂಡೂ ಇಲ್ಲಿ ಬೇಕು.

ಕಡೆಗೆ ನಮ್ಮ ಸಂಘಗಳಿಗೊಂದು ಸಲಹೆ. ಗುರುತು ಮರೆಸಿ ರುಚಿ ನೋಡುವ ವಿದ್ಯೆಗೆ ಮದ್ಯವೇ ಆಗಬೇಕೆಂದಿಲ್ಲ. ಬರುವ ಬೇಸಗೆಯಲ್ಲಿ ಧಾರವಾಡದ ಆಪೂಸನ್ನೂ ರತ್ನಾಗಿರಿಯ ಆಪೂಸನ್ನೂ ಹೋಳು ಮಾಡಿ, ತಟ್ಟೆಗಳಿಗೆ ಬರಿಯ ಸಂಖ್ಯೆ ಬರೆದು ಪಂಕ್ತಿಯ ಮುಂದಿಡೋಣ. ಹಿರಿಯರು, ಕಿರಿಯರು, ಮಕ್ಕಳು ಎಲ್ಲರೂ ಮೊದಲು ಬರೆಯಲಿ, ಆಮೇಲೆ ಮಾತಾಡಲಿ. ರತ್ನಾಗಿರಿಯೇ ಗೆದ್ದರೆ ಏನು ಮಾಡುವುದೆಂದು ಕೆಲವರಿಗೆ ಈಗಲೇ ಚಿಂತೆ ಹತ್ತಬಹುದು. ಗೆದ್ದರೆ ಗೆಲ್ಲಲಿ, ಒಪ್ಪಿಕೊಂಡು ಇನ್ನೊಂದು ಹೋಳು ತಿನ್ನೋಣ. ನಾಲಿಗೆ ಹೇಳಿದ ನಿಜವನ್ನು ನಾಲ್ವರ ಮುಂದೆ ಒಪ್ಪುವ ಅಭ್ಯಾಸವಾದರೆ, ಉಳಿದ ನಿಜಗಳನ್ನು ಮನೆಯಲ್ಲಿ ಹೇಳುವುದೂ ಅಷ್ಟು ಕಷ್ಟವಾಗಲಿಕ್ಕಿಲ್ಲ.