ನೀರುನಾಯಿಗೆ ದಡವೂ ಬೇಕು

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಸುತ್ತಲಿನ ಬತ್ತದ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯೇ ಜೀವಾಳ. ಆ ನದಿಯ ಉಪಕಾರವನ್ನು ನಾವು ಎಕರೆಗಳಲ್ಲಿಯೂ ಬತ್ತದ ಚೀಲಗಳಲ್ಲಿಯೂ ಎಣಿಸುವುದುಂಟು. ಅದೇ ನದಿಯನ್ನು ನಂಬಿದ ಇನ್ನೊಂದು ಸಂಸಾರವಿದೆಯೆಂಬುದು ಎಷ್ಟು ವಿದ್ಯಾರ್ಥಿಗಳಿಗೆ ತಿಳಿದಿದೆಯೋ! ಅದು ನೀರುನಾಯಿಯ ಸಂಸಾರ.

ಹೆಸರಿನಲ್ಲಿ ನಾಯಿ ಇದ್ದರೂ ಈ ಪ್ರಾಣಿ ನಾಯಿಯ ಕುಲದ್ದಲ್ಲ. ತರಕರಡಿಯ ಬಳಗಕ್ಕೆ ಸೇರಿದುದು. ನುಣುಪಾದ ಗಿಡ್ಡ ಕೂದಲು, ಬೆರಳುಗಳ ನಡುವೆ ಪೊರೆ, ಚಪ್ಪಟೆಯಾದ ಬಾಲ ಇವೆಲ್ಲ ಈಜಿಗೆಂದೇ ಒದಗಿದ ಸಲಕರಣೆಗಳು. ಗುಂಪುಗೂಡಿ ಮೀನನ್ನು ಅಟ್ಟಿ ಹಿಡಿಯುವುದರಲ್ಲಿ ಇದು ಬಲು ನಿಪುಣ. ಆದರೂ ಇದರ ಬಾಳು ಪೂರ್ತಿಯಾಗಿ ನೀರಿನಲ್ಲಿ ಸಾಗುವುದಿಲ್ಲ. ಮರಿ ಹಾಕುವುದು ದಡದ ಬಿಲದಲ್ಲಿ. ಮೈ ಒಣಗಿಸಿಕೊಳ್ಳುವುದು ಮರಳಿನ ಮೇಲೆ. ವಿಶ್ರಮಿಸುವುದು ಬಂಡೆಯ ಸಂದಿನಲ್ಲಿ, ಜೊಂಡಿನ ಮರೆಯಲ್ಲಿ.

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಜಾತಿ ಅಪಾಯಕ್ಕೆ ಈಡಾದವುಗಳ ಸಾಲಿನಲ್ಲಿದೆ. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧ ಬಂದಿತು. ಅದಕ್ಕೆ ಮೊದಲೇ, 2015ರಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರು ಉದ್ದದ ನದಿಯನ್ನು ಕರ್ನಾಟಕ ಸರಕಾರವು ನೀರುನಾಯಿ ಸಂರಕ್ಷಣಾ ಮೀಸಲೆಂದು ಘೋಷಿಸಿತು. ಇದು ಮೆಚ್ಚತಕ್ಕ ಕಾರ್ಯವೇ ಸರಿ. ಆದರೆ ಮರಳನ್ನು ಬಗೆದು, ಬಂಡೆಯನ್ನು ಒಡೆದು, ಜೊಂಡನ್ನು ಸುಟ್ಟು ಸಾಗುವಳಿ ಮಾಡಿದರೆ, ನೀರು ಎಷ್ಟೇ ತುಂಬಿ ಹರಿದರೂ ನೀರುನಾಯಿ ನಿರ್ವಸಿತವಾಗುವುದು. ನಕ್ಷೆಯ ಗೆರೆಯೊಳಗೆ ಬಿಲ ತೋಡಲು ಬರುವುದಿಲ್ಲವಷ್ಟೆ!

ಬೇಸಿಗೆಯಲ್ಲಿ ಹರಿವು ಕುಗ್ಗಿದಾಗ ಮೀನೆಲ್ಲ ಮಡುಗಳನ್ನು ಸೇರುವುದು. ಬೆಸ್ತನೂ ನೀರುನಾಯಿಯೂ ಅಲ್ಲಿಗೇ ಬರುವರು. ಬಲೆ ಹರಿದರೆ ಬೆಸ್ತನಿಗೆ ಆಗುವ ನಷ್ಟ ನಿಜವಾದುದು. ಆ ನಷ್ಟವನ್ನು ತುಂಬಿಕೊಡದೆ ಅವನನ್ನು ದೂರುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಆದರೆ ಸಿಡಿಮದ್ದಿನ ಮಾತು ಬೇರೆ. 1897ರ ಕಾಯಿದೆಯೇ ಅದನ್ನು ಅಪರಾಧವೆಂದಿತ್ತು. ಸಿಡಿಮದ್ದು ದೊಡ್ಡ ಮೀನನ್ನೂ ಮರಿಮೀನನ್ನೂ ಒಟ್ಟಿಗೆ ಕೊಲ್ಲುವುದರಿಂದ ಮುಂದಿನ ವರ್ಷ ಬೆಸ್ತನ ಬಲೆಯೂ ಬರಿದು, ನೀರುನಾಯಿಯ ಹೊಟ್ಟೆಯೂ ಬರಿದು.

ಇನ್ನು ಗದ್ದೆಗಳ ವಿಚಾರ. ಬೇಗ ಕರಗದ ಕೀಟನಾಶಕಗಳು ಬಸಿನೀರಿನೊಡನೆ ಹಳ್ಳ ಹಿಡಿದು ನದಿಯನ್ನು ಸೇರಿ, ಹುಳುವಿನಿಂದ ಮೀನಿಗೆ, ಮೀನಿನಿಂದ ಅದನ್ನು ತಿನ್ನುವ ಪ್ರಾಣಿಗೆ ಏರುತ್ತ ಹೆಚ್ಚುವುವು. ಅದೇ ಮೀನು ನಮ್ಮ ಅಡಿಗೆಮನೆಗೂ ಬರುವುದಲ್ಲವೆ?

ಇಂಥ ಮೀಸಲುಗಳ ನಿರ್ವಹಣಾ ಸಮಿತಿಯಲ್ಲಿ ಆಯಾ ಗ್ರಾಮಪಂಚಾಯಿತಿಗೂ ಒಬ್ಬ ಪ್ರತಿನಿಧಿಯಿರಬೇಕೆಂದು ವನ್ಯಜೀವಿ ಕಾನೂನು ವಿಧಿಸಿದೆ. ಯಾವ ದಡದ ಮರಳನ್ನು ಮುಟ್ಟಕೂಡದು, ಹರಿದ ಬಲೆಗೆ ಯಾರು ಹಣ ಕೊಡಬೇಕು ಎಂಬುದನ್ನು ಆ ಪ್ರತಿನಿಧಿಗಳು ಮೊದಲು ಕೇಳಲಿ.